ಭೂಮಿ ನಡುಗಿದ ಮೇಲೆ ಮಕ್ಕಳಿಗೆ ಯಾರು ಹೇಳಬೇಕು?

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಶಾಲೆಗಳ ಹೊಣೆ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಆಳಂದ ತಾಲ್ಲೂಕಿನ ಗಡಿ ಕಡೆಯ ಹಳ್ಳಿಯವಳು. ಗಡಿ ದಾಟಿದರೆ ಮಹಾರಾಷ್ಟ್ರದ ಉಮರ್ಗಾ ತಾಲ್ಲೂಕು. ನಮ್ಮ ಕಡೆಯವರಿಗೆ ಅದು ಬೇರೆ ರಾಜ್ಯ ಅಂತ ಅನಿಸುವುದೇ ಇಲ್ಲ. ಹೆಣ್ಣು ಕೊಡುವುದು ತರುವುದು, ಎತ್ತು ಮಾರುವುದು, ದವಾಖಾನೆಗೆ ಹೋಗುವುದು ಎಲ್ಲ ಆ ಕಡೆಗೂ ಇದೆ. ಈಗ ನಾನು ಕಲಬುರಗಿಯಲ್ಲಿದ್ದೇನೆ, ಆದರೆ ಅಣ್ಣನ ಸಂಸಾರ ಊರಲ್ಲೇ ಇದೆ. ಅವನ ಮಗಳು ನಾನು ಓದಿದ ಶಾಲೆಯಲ್ಲೇ ಓದುತ್ತಿದ್ದಾಳೆ. ಅವಳ ಸಲುವಾಗಿ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ನನ್ನ ಸಲುವಾಗಿಯೂ.

1993ರಲ್ಲಿ ನಾನು ಆರನೇ ಕ್ಲಾಸು. ಸೆಪ್ಟೆಂಬರ್ 29, ಅನಂತ ಚತುರ್ದಶಿ. ಊರ ಗಣಪತಿಯನ್ನು ಬಾವಿಗೆ ಬಿಡಲು ಹೋಗಿದ್ದೆವು. ಮರುದಿನ ಗುರುವಾರ ಗಣಿತದ ಟೆಸ್ಟ್ ಇತ್ತು, ಭಿನ್ನರಾಶಿ. ನನಗೆ ಒಂದೂ ಬರುತ್ತಿರಲಿಲ್ಲ. ಗಣಪತಿ ನೀರಿಗೆ ಇಳಿಯುವಾಗ ಕೈ ಮುಗಿದು ಒಂದೇ ಒಂದು ಬೇಡಿಕೊಂಡೆ. ಎಪ್ಪಾ, ನಾಳೆ ಸಾಲಿ ಸೂಟಿ ಆಗ್ಲಿ.

ಆ ರಾತ್ರಿ, ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ, ಲಾತೂರು ಜಿಲ್ಲೆಯ ಕಿಲ್ಲಾರಿ ಹತ್ತಿರ ಭೂಮಿ ನಡುಗಿತು.

ನಾವು ಪಡಸಾಲೆಯಲ್ಲಿ ಸಾಲಾಗಿ ಮಲಗಿದ್ದೆವು. ಮೊದಲು ಸದ್ದು ಬಂತು, ನೂರು ಚಕ್ಕಡಿ ಒಮ್ಮೆಲೇ ಕಲ್ಲಿನ ಮೇಲೆ ಓಡಿದ ಹಾಗೆ. ಆಮೇಲೆ ಮುಖದ ಮೇಲೆ ಮಣ್ಣು ಉದುರಿತು. ನಮ್ಮದು ಮಣ್ಣಿನ ಮಾಳಿಗೆ ಮನೆ, ಜಂತಿಗಳ ನಡುವಿನಿಂದ ಮಣ್ಣು ಸುರಿಯುತ್ತಿತ್ತು. ಒಳಗೆ ಹಿತ್ತಾಳೆ ಕೊಡಗಳು ಒಂದಕ್ಕೊಂದು ಬಡಿದು ಉರುಳಿದವು. ಎತ್ತುಗಳು ಹಗ್ಗ ಜಗ್ಗಿ ಒದರುತ್ತಿದ್ದವು. ಮುತ್ಯಾ ಮಾತ್ರ ಒಂದೇ ಸಮನೆ ಕೂಗುತ್ತಿದ್ದರು, "ಏಳ್ರಿ, ಹೊರಗ ಬರ್ರಿ, ಕೂಸಿಗಿ ಎತ್ಕೋರಿ." ಅವ್ವ ನನ್ನ ಜಡೆ ಹಿಡಿದೇ ಎಳೆದುಕೊಂಡು ಬಂದಳು. ಓಣಿಯಲ್ಲಿ ಬೆಳದಿಂಗಳು. ಊರೆಲ್ಲ ಹೊರಗೆ ನಿಂತಿತ್ತು, ಮನೆಯಿಂದ ಹೊರಗೆ ಬರದ ಹೆಣ್ಣುಮಕ್ಕಳೂ ತಲೆ ಮೇಲೆ ಸೆರಗಿಲ್ಲದೆ ನಿಂತಿದ್ದರು, ಮುದುಕರು ದೇವರ ಹೆಸರು ಹೇಳುತ್ತಿದ್ದರು, ಯಾವುದೋ ಮನೆಯ ಸಣ್ಣ ಕೂಸು ಮಾತ್ರ ನಗುತ್ತಿತ್ತು, ಅದಕ್ಕೆ ಎಲ್ಲರನ್ನೂ ಆ ಹೊತ್ತಲ್ಲಿ ನೋಡಿ ಖುಷಿ ಆಗಿತ್ತು ಅಂತ ಕಾಣುತ್ತೆ.

ನಮ್ಮೂರಲ್ಲಿ ಯಾರೂ ಸಾಯಲಿಲ್ಲ. ಎರಡು ದನದ ಕೊಟ್ಟಿಗೆ ಬಿದ್ದವು. ಶಾಲೆಯ ಒಂದು ಗೋಡೆ ಮೂಲೆಯಿಂದ ಮೂಲೆಗೆ ಬಿರಿಯಿತು. ಆ ದಿನ ಶಾಲೆಗೆ ಸೂಟಿ ಕೊಟ್ಟರು.

ನಾನು ಬೇಡಿಕೊಂಡದ್ದು ಆಗಿತ್ತು.

ಮಧ್ಯಾಹ್ನದ ಹೊತ್ತಿಗೆ ಗುಲ್ಬರ್ಗಾ ಆಕಾಶವಾಣಿಯಲ್ಲಿ ಸುದ್ದಿ ಬರತೊಡಗಿತು. ಮೊದಲು ನೂರಾರು ಅಂದರು, ಆಮೇಲೆ ಸಾವಿರ ಅಂದರು. ಪ್ರತಿ ಸಲ ರೇಡಿಯೋ ಹಚ್ಚಿದಾಗ ಸಂಖ್ಯೆ ಏರುತ್ತಿತ್ತು. ಕೊನೆಗೆ ಅದು ಹತ್ತು ಸಾವಿರದ ಹತ್ತಿರಕ್ಕೆ ಹೋಗಿ ನಿಂತಿತು. 52 ಹಳ್ಳಿಗಳು ನೆಲಸಮ. ಸುಮಾರು 30 ಸಾವಿರ ಜನರಿಗೆ ಗಾಯ. ನಮ್ಮೂರಿನ ಗಂಡಸರು ಟ್ರ್ಯಾಕ್ಟರ್ ಕಟ್ಟಿಕೊಂಡು ಹೋದರು. ಮನೆಮನೆಯಿಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಳೆ ಸೀರೆ, ಕಂಬಳಿ ಕೂಡಿಸಿದ್ದರು. ನಮ್ಮ ಕಾಕಾ ನಾಲ್ಕು ದಿನ ಬಿಟ್ಟು ಬಂದರು. ಬಂದವರು ಎರಡು ದಿನ ಊಟ ಮಾಡಲಿಲ್ಲ. ಅಪ್ಪನಿಗೆ ಸಣ್ಣ ದನಿಯಲ್ಲಿ ಹೇಳುತ್ತಿದ್ದದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಬಿದ್ದ ಮನೆಗಳ ತೊಲೆ ಜಂತಿಗಳನ್ನೇ ತೆಗೆದು ಹೆಣ ಸುಡುತ್ತಿದ್ದಾರಂತೆ. ಅದರ ಮೇಲೆ ಮಳೆ.

ನನಗೆ ಹನ್ನೊಂದು ವರ್ಷ. ಆ ರಾತ್ರಿಯಿಂದ ನನ್ನ ಮನಸ್ಸಿನಲ್ಲಿ ಒಂದೇ ಒಂದು ಮಾತು ಕೂತಿತು. ಇದನ್ನು ನಾನೇ ಮಾಡಿಸಿದೆ.

ಇದನ್ನು ಓದಿ ನಿಮಗೆ ನಗು ಬರಬಹುದು. ದಯವಿಟ್ಟು ನಗಬೇಡಿ. ನಾನು ಅದನ್ನು ಪೂರ್ತಿ ನಂಬಿದ್ದೆ. ಸೂಟಿ ಬೇಡಿದವಳು ನಾನು, ಸೂಟಿ ಸಿಕ್ಕಿತು, ನಡುವೆ ಹತ್ತು ಸಾವಿರ ಜನ ಸತ್ತರು. ಮಗುವಿನ ಲೆಕ್ಕದಲ್ಲಿ ಇದಕ್ಕೆ ಬೇರೆ ಉತ್ತರ ಇಲ್ಲ. ಅವ್ವನಿಗೆ ಹೇಳಲು ಧೈರ್ಯ ಇರಲಿಲ್ಲ. ಆ ವರ್ಷ ಗಣಪತಿ ಕಡೆ ತಲೆ ಎತ್ತಿ ನೋಡಲಿಲ್ಲ, ಮುಂದಿನ ವರ್ಷವೂ ಇಲ್ಲ. ತಿಂಗಳುಗಟ್ಟಲೆ ಹೊರಗೆ ಹೊರಸಿನ ಮೇಲೆ ಮಲಗಿದ್ದಾಗ, ಎಲ್ಲರೂ ಇನ್ನೊಂದು ನಡುಕ ಬರುತ್ತೆ ಅಂತ ಹೆದರುತ್ತಿದ್ದರೆ, ನಾನು ನನ್ನ ಬಾಯಿಂದ ಇನ್ನೇನಾದರೂ ಬೇಡಿಕೆ ಬಂದುಬಿಟ್ಟೀತು ಅಂತ ಹೆದರಿ ಕೈಯಿಂದ ಬಾಯಿ ಮುಚ್ಚಿಕೊಂಡು ಮಲಗುತ್ತಿದ್ದೆ.

ಈಗ ಶಾಲೆಯ ಮಾತಿಗೆ ಬರುತ್ತೇನೆ, ಯಾಕೆಂದರೆ ನಿಮಗೆ ಹೇಳಬೇಕಾದದ್ದು ಅದೇ.

ಮೂರ್ನಾಲ್ಕು ದಿನದಲ್ಲಿ ಶಾಲೆ ತೆರೆಯಿತು. ಪ್ರಾರ್ಥನೆ ಆದ ಮೇಲೆ ಎರಡು ನಿಮಿಷ ಮೌನವಾಗಿ ನಿಲ್ಲಿಸಿದರು. ತಲೆಗೆ ಎರಡು ರೂಪಾಯಿ ಪರಿಹಾರ ನಿಧಿಗೆ ತನ್ನಿ ಅಂದರು. ಆಮೇಲೆ ಒಳಗೆ ಹೋಗಿ ಕೂತೆವು, ಅದೇ ಬಿರಿದ ಗೋಡೆಯ ಪಕ್ಕ. ಹಾಜರಿ ಕೂಗಿದರು. ಮೊದಲನೇ ಪೀರಿಯಡ್ ಗಣಿತ. ಬಾಕಿ ಉಳಿದಿದ್ದ ಟೆಸ್ಟ್ ಕೊಟ್ಟರು.

ಅಷ್ಟೇ. ಏನಾಯಿತು ಅಂತ ಒಬ್ಬರೂ ಹೇಳಲಿಲ್ಲ. ಭೂಮಿ ಯಾಕೆ ನಡುಗಿತು, ಮತ್ತೆ ನಡುಗಿದರೆ ನಾವು ಯಾವ ಕಡೆ ಓಡಬೇಕು, ಆ ಗೋಡೆ ಗಟ್ಟಿ ಇದೆಯೋ ಇಲ್ಲವೋ, ಯಾವುದೂ ಇಲ್ಲ. ಮಾಸ್ತರು ಕೆಟ್ಟವರಲ್ಲ. ಅವರೂ ಮನೆಯ ಹೊರಗೆ ಮಲಗಿ ಎದ್ದು ಬಂದವರೇ. ಅವರಿಗೂ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಸೈಕಲ್ ಮೇಲೆ ಬಂದ ಸುತ್ತೋಲೆಯಲ್ಲಿ ಶಾಲೆ ತೆರೆಯಿರಿ ಅಂತ ಇತ್ತು, ತೆರೆದರು.

ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಅವನ ತಾಯಿಯ ತವರು ಗಡಿ ಆಚೆ, ಭೂಕಂಪಕ್ಕೆ ಸಿಕ್ಕ ಸಾಸ್ತೂರು ಕಡೆ. ಹಬ್ಬಕ್ಕೆ ತವರಿಗೆ ಹೋಗಿದ್ದ ತಾಯಿ, ತಂಗಿ, ಆಯಿ ಯಾರೂ ಉಳಿಯಲಿಲ್ಲ. ಅವನು ಸುಮಾರು ಮೂರು ವಾರ ಬಿಟ್ಟು ಬಂದ, ತಲೆ ಬೋಳಿಸಿಕೊಂಡು. ಮೊದಲು ಎರಡನೇ ಸಾಲಿನಲ್ಲಿ ಕೂರುತ್ತಿದ್ದವನು ಹೋಗಿ ಕೊನೆಯಲ್ಲಿ ಕೂತ. ಹಾಜರಿಯಲ್ಲಿ ಅವನ ಹೆಸರು ಬಂದಾಗ ಮಾಸ್ತರ ದನಿ ಸ್ವಲ್ಪ ನಿಂತಿತು, ಮತ್ತೆ ಮುಂದಿನ ಹೆಸರಿಗೆ ಹೋಯಿತು. ನಾವು ಮಕ್ಕಳು ಅವನ ಜೊತೆ ಮಾತಾಡುವುದನ್ನೇ ಬಿಟ್ಟೆವು. ಸಿಟ್ಟಿನಿಂದಲ್ಲ, ಏನು ಮಾತಾಡಬೇಕು ಅಂತ ಗೊತ್ತಿರಲಿಲ್ಲ. ನಾನಂತೂ ಅವನ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ. ನನ್ನಿಂದಲೇ ಅವನ ತಾಯಿ ಹೋದಳು ಅಂತ ನನಗೆ ಮಾತ್ರ ಗೊತ್ತಿತ್ತಲ್ವಾ. ಏಳನೇ ಕ್ಲಾಸಿಗೆ ಅವನು ಬರಲಿಲ್ಲ. ಸೋಲಾಪುರಕ್ಕೆ ಕೆಲಸಕ್ಕೆ ಹೋದ ಅಂದರು.

ಅದೇ ಸಮಯದಲ್ಲಿ ಗಡಿಯ ಆ ಕಡೆ ಏನಾಯಿತು ಅಂತ ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. ಪುಣೆಯ ಶಾಂತಿಲಾಲ್ ಮುತ್ಥಾ ಅನ್ನುವವರು ತಮ್ಮ ಭಾರತೀಯ ಜೈನ ಸಂಘಟನೆಯ ಮೂಲಕ ಭೂಕಂಪದ ಊರುಗಳ 1,200 ಮಕ್ಕಳನ್ನು ಪುಣೆಗೆ ಕರೆದುಕೊಂಡು ಹೋಗಿ ಇರಿಸಿಕೊಂಡು ಓದಿಸಿದರು. ಅದನ್ನು ಓದಿದ ದಿನ ನಾನು ಅತ್ತೆ. ನಮ್ಮ ಹುಡುಗ ಗಡಿಯ ಈ ಕಡೆ ಇದ್ದ. ಅವನು ಯಾವ ಪಟ್ಟಿಯಲ್ಲೂ ಇರಲಿಲ್ಲ, ಯಾಕೆಂದರೆ ನಮ್ಮೂರು ಬಿದ್ದಿರಲಿಲ್ಲ.

ಆ ವರ್ಷದ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ ಬಂತು, ಭೂಕಂಪ ಎಂದರೇನು? ಉದಾಹರಣೆಗೆ ಜಪಾನ್ ಅಂತ ಬರೆದೆವು. ಹಾಗೆ ಬರೆಸಿದ್ದರು.

ನನ್ನ ಎದೆಯ ಭಾರ ಇಳಿದದ್ದು ಗುಲ್ಬರ್ಗಾಕ್ಕೆ ಕಾಲೇಜಿಗೆ ಬಂದ ಮೇಲೆ. ಭೂಗೋಳದ ಮೇಡಂ ಒಬ್ಬರು ಕಿಲ್ಲಾರಿಯ ಬಗ್ಗೆ ಒಂದು ಪೂರ್ತಿ ತಾಸು ಮಾತಾಡಿದರು. ನಮ್ಮ ದೇಶವನ್ನು ಹೊತ್ತ ನೆಲದ ಹಾಳೆ ಉತ್ತರಕ್ಕೆ ಒತ್ತುತ್ತಲೇ ಇದೆ, ಆ ಒತ್ತಡ ನಮ್ಮ ದಖ್ಖನ್ನಿನ ಗಟ್ಟಿ ಕಲ್ಲಿನ ಒಳಗೂ ಕೂಡುತ್ತಾ ಹೋಗುತ್ತದೆ, ಎಲ್ಲೋ ಹಳೆಯ ಸೀಳಿನಲ್ಲಿ ಒಮ್ಮೆ ಜಾರುತ್ತದೆ. ಆಗಿನ ಭೂಕಂಪದ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲಿ. ಅಳತೆಯಲ್ಲಿ ಅದು 6.2ರ ಆಸುಪಾಸಿನದು, ಜಗತ್ತಿನ ದೊಡ್ಡ ಭೂಕಂಪಗಳಲ್ಲಿ ಒಂದಲ್ಲ. ಆದರೆ ಆಳ ಬಹಳ ಕಡಿಮೆ, ಸುಮಾರು ಹತ್ತು ಕಿಲೋಮೀಟರ್. ಮೇಲಿದ್ದ ಮನೆಗಳೋ, ಗುಂಡುಕಲ್ಲನ್ನು ಮಣ್ಣಿನಲ್ಲಿ ಕೂರಿಸಿ ಕಟ್ಟಿದ ದಪ್ಪ ಗೋಡೆ, ಒಳಮೈ ಹೊರಮೈಗೆ ಹಿಡಿತ ಇಲ್ಲ, ಅದರ ಮೇಲೆ ವರ್ಷ ವರ್ಷ ಹೊದಿಸಿದ ಮಾಳಿಗೆ ಮಣ್ಣು. ಬಿಸಿಲಿಗೆ ತಂಪಾಗಿರಲಿ ಅಂತ ಕಟ್ಟಿದ ಮನೆ. ಗೋಡೆ ಎರಡಾಗಿ ಸೀಳಿ ಆ ಭಾರವೆಲ್ಲ ಮಲಗಿದವರ ಮೇಲೆ ಬಂತು.

ಹಿಂದಿನ ವರ್ಷದಿಂದಲೇ, 1992ರಿಂದ, ಅಲ್ಲಿ ಸಣ್ಣ ಸಣ್ಣ ನಡುಕ ಬರುತ್ತಿದ್ದವಂತೆ. ಅಂದರೆ ನಾನು ಬೇಡಿಕೊಳ್ಳುವ ಒಂದು ವರ್ಷ ಮೊದಲಿನಿಂದ! ಕ್ಲಾಸಿನಲ್ಲಿ ಕೂತು ನಾನು ಈ ಒಂದು ಮಾತನ್ನು ಬರೆದುಕೊಂಡು ಅದರ ಕೆಳಗೆ ಮೂರು ಸಲ ಗೆರೆ ಎಳೆದೆ. ಆ ನೋಟ್‌ಬುಕ್ಕು ಇವತ್ತಿಗೂ ನನ್ನ ಹತ್ತಿರ ಇದೆ. ಆರನೇ ಕ್ಲಾಸಿನಲ್ಲಿ ಯಾರಾದರೂ ಅರ್ಧ ತಾಸು ಕೂತು ಇದನ್ನು ಹೇಳಿದ್ದರೆ ಆಗುತ್ತಿತ್ತು. ಏಳೆಂಟು ವರ್ಷ ನಾನು ಹೊತ್ತುಕೊಂಡು ಓಡಾಡಿದ್ದು ಅರ್ಧ ತಾಸಿನ ಪಾಠ ಇಲ್ಲದ್ದಕ್ಕೆ.

ಇದೆಲ್ಲ ಹಳೆಯ ಕತೆ ಅಂತ ನೀವು ಅನ್ನಬಹುದು. ಅಲ್ಲ.

2021ರ ಅಕ್ಟೋಬರ್ ನೆನಪು ಮಾಡಿಕೊಳ್ಳಿ. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ. ಮೇಲಿಂದ ಮೇಲೆ ನೆಲದೊಳಗಿನ ಸದ್ದು, ನಡುಕ. ಅಕ್ಟೋಬರ್ 11ರ ರಾತ್ರಿ ಬಂದದ್ದು 4.1. ದಸರಾ ಮುಂದೆ ಇತ್ತು, ಜನ ಮಾತ್ರ ಊರು ಬಿಟ್ಟು ನೆಂಟರ ಮನೆಗೆ ಹೋದರು, ಉಳಿದವರು ಮನೆ ಮುಂದೆ ಶೆಡ್ಡು ಹಾಕಿಕೊಂಡು ಮಲಗಿದರು. ನಾನು ಟಿವಿಯಲ್ಲಿ ನೋಡುತ್ತಿದ್ದೆ. ಅಧಿಕಾರಿಗಳು ಬಂದರು, ವಿಜ್ಞಾನಿಗಳು ಬಂದರು, ಮಂತ್ರಿಗಳು ಮಾತಾಡಿದರು. ದೊಡ್ಡವರೆಲ್ಲ ಮೈಕಿನ ಮುಂದೆ ಇದ್ದರು. ಅವರ ಹಿಂದೆ ಒಂದು ಕಟ್ಟೆಯ ಮೇಲೆ ಐದಾರು ಮಕ್ಕಳು ಯೂನಿಫಾರ್ಮಿನಲ್ಲಿ ಕೂತಿದ್ದವು. ಅವುಗಳ ಮುಖ ನೋಡಿ ನನಗೆ ಎದೆ ಹಿಂಡಿದ ಹಾಗಾಯಿತು. ಆ ಮಕ್ಕಳ ಹತ್ತಿರ ಯಾರಾದರೂ ಹೋಗಿ ಕೂತರಾ? ಅವುಗಳಲ್ಲಿ ಒಂದಾದರೂ, ಇದು ನನ್ನಿಂದಲೇ ಆಯಿತು ಅಂತ ಅಂದುಕೊಂಡಿರಲಾರದಾ?

ಸಣ್ಣ ನಡುಕ ಬಂದ ಕಡೆಯೆಲ್ಲ ದೊಡ್ಡದು ಬಂದೇ ಬರುತ್ತೆ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೆದರಿಸುವುದು ತಪ್ಪು. ಆದರೆ ಹೆದರಿಕೆ ಆಗಲೇ ಮನೆಯೊಳಗೆ ಬಂದು ಕೂತಿರುವಾಗ ಸುಮ್ನೆ ಇರುವುದೂ ತಪ್ಪು. ಕೊರೊನಾದಲ್ಲೂ ಹೀಗೇ ಆಯಿತು. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯಲ್ಲೇ ಆಯಿತು. ಅಜ್ಜ ಅಜ್ಜಿಯನ್ನು, ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳು ಶಾಲೆ ತೆರೆದ ಮೇಲೆ ಬಂದು ಕೂತರು, ನಾವು ಅವರ ಕೈಗೆ ಸ್ಯಾನಿಟೈಸರ್ ಹಾಕಿದೆವು, ಹಾಜರಿ ಕೂಗಿದೆವು.

ಇನ್ನು ಗೋಡೆಯ ಮಾತು. ಅಣ್ಣನ ಮಗಳು ಕೂರುವ ಕೋಣೆ ಹಳೆಯ ಕಲ್ಲಿನ ಕೋಣೆ, ಮೇಲೆ ಫರಸಿ. ನಾವು ಕೂತಿದ್ದ ಬಿರಿದ ಗೋಡೆಗೆ ಆಗ ಮಣ್ಣು ಮೆತ್ತಿ ಸುಣ್ಣ ಬಳಿದಿದ್ದರು. ಈಗ ಅದರ ಪಕ್ಕದ ಕೋಣೆಯ ಗೋಡೆಯಲ್ಲಿ ನನ್ನ ಬೆರಳು ಹೋಗುವಷ್ಟು ಬಿರುಕಿದೆ. ಹೋದ ವರ್ಷ ನಾನು ಮತ್ತು ಅಣ್ಣ ಒಂದು ಕಚೇರಿಗೆ ಅರ್ಜಿ ಕೊಟ್ಟೆವು, ಫೋಟೋ ಸಮೇತ. ಮೂರು ಸಲ ಹೋದೆವು. ಮೂರನೇ ಸಲ ಒಬ್ಬರು ಹೇಳಿದರು, "ಎರಿ ಭೂಮಿ ಅದ ಅಕ್ಕೋರೆ, ಬ್ಯಾಸಗಿಗಿ ಬಿರೀತದ, ಮಳಿಗಾಲಕ ಕೂಡ್ತದ. ಇದು ಭೂಕಂಪದ್ದಲ್ಲ." ಅವರು ಹೇಳಿದ್ದು ನಿಜ ಇರಬಹುದು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಮೇಲಿನ ಗೋಡೆ ಬಿರಿಯುತ್ತದೆ, ನಮ್ಮ ಕಡೆ ಇದು ಪ್ರತಿ ಮನೆಯಲ್ಲೂ ಗೊತ್ತಿರುವ ಸಂಗತಿ. ಆದರೆ ಬಿರುಕು ಯಾವ ಕಾರಣಕ್ಕೆ ಬಂದರೂ ಗೋಡೆ ಬಿರಿದ ಗೋಡೆಯೇ ಅಲ್ವಾ? ನಾಳೆ ನೆಲ ಒಂದಿಷ್ಟು ಅಲುಗಿದರೆ ಅದು ಕಾರಣ ನೋಡಿ ನಿಲ್ಲುವುದಿಲ್ಲ. ಎರಡು ತಿಂಗಳ ಮೇಲೆ ಯಾರೋ ಬಂದು ಬಿರುಕಿಗೆ ಸಿಮೆಂಟು ತುಂಬಿ, ಅದರ ಮೇಲೆ ಬಣ್ಣ ಹೊಡೆದು, ಅ ಆ ಇ ಈ ಬರೆಸಿ ಹೋದರು. ಈ ಬೇಸಿಗೆಯಲ್ಲಿ ಬಿರುಕು ಅಕ್ಷರಗಳ ನಡುವಿನಿಂದ ಮತ್ತೆ ಬಂದಿದೆ.

ಕಿಲ್ಲಾರಿಯಲ್ಲಿ ಭೂಮಿ ನಡುಗಿದ್ದು ರಾತ್ರಿ. ಮಕ್ಕಳು ಮನೆಯಲ್ಲಿದ್ದರು, ಮನೆಯವರ ಜೊತೆ ಹೋದರು. 2001ರ ಜನವರಿ 26ಕ್ಕೆ ಗುಜರಾತಿನಲ್ಲಿ ನಡುಗಿದ್ದು ಬೆಳಿಗ್ಗೆ ಒಂಬತ್ತರ ಹತ್ತಿರ. ಅಂಜಾರ್ ಊರಿನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆಗೆ ಹೊರಟಿದ್ದ 185 ಮಕ್ಕಳು, 20 ಶಿಕ್ಷಕರು ಎರಡೂ ಬದಿಯ ಮನೆಗಳ ಕೆಳಗೆ ಸಿಕ್ಕಿ ಸತ್ತರು. ಅವರಿಗೆ ಅಲ್ಲಿ ಈಗ ಒಂದು ಸ್ಮಾರಕ ಇದೆ. 2004ರಲ್ಲಿ ಕುಂಭಕೋಣದ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ಹೋದ ಮೇಲೆ, 2009ರಲ್ಲಿ ಸುಪ್ರೀಂ ಕೋರ್ಟು ಹೇಳಿತು, ಮಕ್ಕಳಿಗೆ ಶಿಕ್ಷಣದ ಹಕ್ಕು ಅಂದರೆ ಅಪಾಯ ಇಲ್ಲದ ಶಾಲೆಯಲ್ಲಿ ಕಲಿಯುವ ಹಕ್ಕೂ ಹೌದು ಅಂತ. 2016ರಲ್ಲಿ ಶಾಲೆಗಳ ಸುರಕ್ಷತೆಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮಾರ್ಗಸೂಚಿ ಬಂತು. ಹೇಳುವುದೆಲ್ಲ ಕಾಗದದಲ್ಲಿ ಇದೆ. ನಾನು ಹೊಸದೇನೂ ಕೇಳುತ್ತಿಲ್ಲ.

ನಾನು ಕೇಳುವುದು ಇಷ್ಟು. ಆಳಂದ, ಚಿಂಚೋಳಿ, ಬಸವಕಲ್ಯಾಣ, ಹುಮನಾಬಾದ್, ಭಾಲ್ಕಿ, ಗಡಿ ಕಡೆಯ ಈ ತಾಲ್ಲೂಕುಗಳಿಂದ ಶುರು ಮಾಡಿ. ಪ್ರತಿ ಬೇಸಿಗೆ ರಜೆಯಲ್ಲಿ, ಶಾಲೆ ತೆರೆಯುವ ಮೊದಲು, ಒಬ್ಬ ಎಂಜಿನಿಯರ್ ಬಂದು ಒಂದೊಂದು ಕೋಣೆ ನೋಡಲಿ. ನೋಡಿದ್ದನ್ನು ಫೈಲಿನಲ್ಲಿ ಮಾತ್ರ ಇಡಬೇಡಿ, ತಂದೆ ತಾಯಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದು ಶಾಲೆಯ ಬಾಗಿಲಿಗೆ ಅಂಟಿಸಿ, ಕೆಳಗೆ ಸಹಿ, ತಾರೀಖು ಇರಲಿ. ಕೂರಿಸಬಾರದ ಕೋಣೆಗೆ ಕೀಲಿ ಹಾಕಿ. ಮರದ ಕೆಳಗೆ ಪಾಠ ಮಾಡಿದರೂ ಆಗುತ್ತೆ, ನಾವೂ ಹುಣಸೆ ಮರದ ಕೆಳಗೆ ಕೂತು ಓದಿದವರೇ. ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಹೊಸ ಕೋಣೆ ಕಟ್ಟುವ ಹಾಗೆ ಹಳೆ ಕಲ್ಲಿನ ಕೋಣೆಗಳ ಗೋಡೆ ಸುತ್ತ ಗಟ್ಟಿ ಪಟ್ಟಿ ಕಟ್ಟಿ ಬಲ ಕೊಡುವುದಕ್ಕೂ ಒಂದು ಪಾಲು ಇಡಿ.

ಮಕ್ಕಳಿಗೆ ಅಭ್ಯಾಸ ಮಾಡಿಸಿ. ಫೋಟೋ ತೆಗೆದು ಗ್ರೂಪಿಗೆ ಹಾಕಲು ವರ್ಷಕ್ಕೊಮ್ಮೆ ಮಾಡುವುದಲ್ಲ. ಸ್ಲ್ಯಾಬಿನ ಕೋಣೆಯಲ್ಲಿ ಏನು ಮಾಡಬೇಕು, ಕಲ್ಲು ಮಣ್ಣಿನ ಕೋಣೆಯಲ್ಲಿ ಏನು ಮಾಡಬೇಕು, ಯಾವ ಬಾಗಿಲಿನಿಂದ ಯಾವ ಕ್ಲಾಸು ಹೊರಗೆ ಬರಬೇಕು, ಕಾಲು ನಡೆಯದ ಮಗುವನ್ನು ಯಾರು ಎತ್ತಿಕೊಳ್ಳಬೇಕು, ಇದು ಆಯಾ ಶಾಲೆ ನೋಡಿ ಹೇಳಬೇಕಾದ ಮಾತು. ಮುತ್ಯಾ ಆ ರಾತ್ರಿ ಮಾಡಿದ್ದು ಅದೇ, ಯಾರು ಯಾರನ್ನು ಎತ್ತಿಕೊಳ್ಳಬೇಕು ಅಂತ ಕೂಗಿ ಹೇಳಿದರು, ನಾವೆಲ್ಲ ಹೊರಗೆ ಬಂದೆವು.

ಸೆಪ್ಟೆಂಬರ್ 30ಕ್ಕೆ ಒಂದೇ ಒಂದು ಪೀರಿಯಡ್ ಕೊಡಿ. ಭಾಷಣ ಬೇಡ. ಊರಲ್ಲಿ ಆ ರಾತ್ರಿ ನೆನಪಿರುವ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ, ಟ್ರ್ಯಾಕ್ಟರಿನಲ್ಲಿ ರೊಟ್ಟಿ ಒಯ್ದವರು ಇದ್ದಾರೆ, ಕರೆಯಿರಿ. ಮಕ್ಕಳು ಕೇಳಲಿ. ಭೂಗೋಳದ ಪಾಠ ಅವತ್ತು ಕಿಲ್ಲಾರಿಯಿಂದ ಶುರುವಾಗಲಿ, ಜಪಾನಿನಿಂದ ಬೇಡ.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು. ಏನಾದರೂ ಆದ ಮೇಲೆ, ಅದು ಭೂಕಂಪವೇ ಇರಲಿ, ಭೀಮಾ ನದಿಯ ನೆರೆಯೇ ಇರಲಿ, ಊರಿನ ಯಾವುದೇ ದೊಡ್ಡ ಸಾವೇ ಇರಲಿ, ಶಾಲೆ ತೆರೆದ ಮೊದಲ ದಿನ ಪಾಠ ಬೇಡ. ಶಿಕ್ಷಕರಿಗೆ ಅದಕ್ಕೆ ತರಬೇತಿ ಕೊಡಿ, ಎರಡು ದಿನ ಸಾಕು. ಮಕ್ಕಳನ್ನು ಸುತ್ತ ಕೂರಿಸಿಕೊಂಡು ಏನಾಯಿತು ಅಂತ ಹೇಳಲಿ. ಆಮೇಲೆ ಒಂದೊಂದು ಮಗುವನ್ನೂ ಕೇಳಲಿ, ನಿನಗೆ ಇದು ಯಾಕೆ ಆಯಿತು ಅನಿಸುತ್ತೆ? ಉತ್ತರ ಕೇಳಿ ಶಿಕ್ಷಕರಿಗೆ ಗಾಬರಿ ಆಗಬಹುದು. ಆಗಲಿ. ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ ಅಲ್ಲೇ ಅತ್ತು ಹೇಳಿಬಿಡುತ್ತಿದ್ದೆ. ತಲೆ ಬೋಳಿಸಿಕೊಂಡು ಬಂದ ನನ್ನ ಗೆಳೆಯನ ಪಕ್ಕ ಹೋಗಿ ಕೂರುತ್ತಿದ್ದೆ.

ಹೋದ ತಿಂಗಳು ಊರಿಗೆ ಹೋದಾಗ ಅಣ್ಣನ ಮಗಳು ಗೋಡೆಯ ಬಿರುಕು ತೋರಿಸಿ ಕೇಳಿದಳು, "ಅತ್ತಿ, ಇದು ನಾವು ಭಾಳ ಗದ್ದಲ ಮಾಡ್ತೀವಂತ ಬಿರ್ದದೇನು?" ಕ್ಲಾಸಿನಲ್ಲಿ ಯಾರೋ ಹಾಗೆ ಹೇಳಿದ್ದಾರಂತೆ, ಮಕ್ಕಳು ಸುಮ್ಮನಿರಲಿ ಅಂತ. ನಾನು ಅವಳನ್ನು ಕರೆದುಕೊಂಡು ಹೊಲಕ್ಕೆ ಹೋಗಿ, ಬಿಸಿಲಿಗೆ ಬಿರಿದ ಎರೆಮಣ್ಣು ತೋರಿಸಿ, ಒಂದು ಹೆಂಟೆಯ ಮೇಲೆ ನೀರು ಹಾಕಿ, ಅದು ಉಬ್ಬುವುದನ್ನು ತೋರಿಸಿದೆ. ಕಿಲ್ಲಾರಿಯದ್ದೂ ಹೇಳಿದೆ. ಅವಳು ಸುಮಾರು ಹೊತ್ತು ಮಣ್ಣು ನೋಡುತ್ತಾ ಕೂತು, "ಹಂಗಾದ್ರ ನಾವಲ್ಲ" ಅಂದಳು.

ಅವಳ ಕ್ಲಾಸಿನಲ್ಲಿ ಇನ್ನೂ 31 ಮಕ್ಕಳಿದ್ದಾರೆ. ಈ ಸೆಪ್ಟೆಂಬರ್ 30ಕ್ಕೆ ನಾನು ರಜೆ ಹಾಕಿ ಊರಿನಲ್ಲಿರುತ್ತೇನೆ. ನೀವು ಅಪ್ಪಣೆ ಕೊಟ್ಟರೆ ಆ ಒಂದು ಪೀರಿಯಡ್ ನಾನೇ ಬಂದು ಕೂರುತ್ತೇನೆ. ಅಷ್ಟರೊಳಗೆ ಒಬ್ಬ ಎಂಜಿನಿಯರನ್ನು ಕಳಿಸಿ ಆ ಗೋಡೆ ನೋಡಿಸಿ.

ವಂದನೆಗಳೊಂದಿಗೆ,
ಆಳಂದ ತಾಲ್ಲೂಕಿನ ಒಬ್ಬ ಹಳೆಯ ವಿದ್ಯಾರ್ಥಿನಿ
ಕಲಬುರಗಿ